ಕಾಣಬಾರದ ತೇಪೆ

ನೀರಿನ ಟ್ಯಾಂಕಿನ ಮೈಮೇಲೆ ಎಷ್ಟು ತೇಪೆಗಳಿವೆ ಎಂಬುದನ್ನು ಬಲ್ಲವನು ಇಡೀ ಊರಿಗೆ ಒಬ್ಬನೇ. ಅವನಿಗೂ ಲೆಕ್ಕ ತಪ್ಪಿಹೋಗಿತ್ತು.

ಗಾರೆ ಕೆಲಸದವನಾದ ಅವನನ್ನು ಎಲ್ಲರೂ ತೇಪೆ ಎಂದೇ ಕರೆಯುತ್ತಿದ್ದರು. ಹೊಸ ಗೋಡೆ ಕಟ್ಟಲು ಅವನನ್ನು ಯಾರೂ ಕರೆದವರಲ್ಲ. ಒಡೆದದ್ದು, ಉದುರಿದ್ದು, ಬಿರಿದದ್ದು ಅವನ ಪಾಲಿನದು. ಹಳೆಯ ಗೋಡೆಗೆ ಅವನು ಹೊಸ ಗಾರೆ ಮೆತ್ತಿದರೆ, ತನಗೆ ಗಾಯವಾಗಿತ್ತೆಂದು ಆ ಗೋಡೆಗೇ ಮರೆತುಹೋಗುತ್ತಿತ್ತು. ಕೈಯಲ್ಲಿ ಗೋಡೆಗಳ ಅನುಕರಣೆ, ಬಾಯಲ್ಲಿ ಮನುಷ್ಯರ ಅನುಕರಣೆ. ಮೇಸ್ತ್ರಿಯ ಕೆಮ್ಮು, ಎಂಜಿನಿಯರ ಮಾತು, ಪಕ್ಕದ ಮನೆಯ ಅತ್ತೆ ಸೊಸೆಯರ ಎರಡೂ ಪಾತ್ರ, ಎಲ್ಲ ಅವನ ಗಂಟಲಲ್ಲೇ ಬಾಡಿಗೆಗಿದ್ದವು. ಸ್ವಂತ ದನಿಗೆ ಅಲ್ಲಿ ಜಾಗ ಸ್ವಲ್ಪ ಕಡಿಮೆ.

ಟ್ಯಾಂಕು ಎಂದರೆ ಎಂಟು ಕಂಬಗಳ ಮೇಲೆ ಕೂತ ದೊಡ್ಡ ಕಾಂಕ್ರೀಟು ಬೋಗುಣಿ. ಕಟ್ಟಿ ಎಂಬತ್ತು ವರ್ಷವಾಗಿತ್ತು. ಕಾಂಕ್ರೀಟು ಸುರಿಯುವಾಗ ಸುತ್ತ ನಿಲ್ಲಿಸಿದ್ದ ಸೆಂಟ್ರಿಂಗ್ ಹಲಗೆಗಳ ಗುರುತು ಇನ್ನೂ ಅದರ ಮೈಮೇಲೆ ಅಚ್ಚೊತ್ತಿದಂತಿತ್ತು. ಮರದ ಗೆರೆ, ಮರದ ಗಂಟು, ಅಲ್ಲೊಂದು ಇಲ್ಲೊಂದು ಮೊಳೆಯ ತಲೆ. ಪ್ರತಿ ವರ್ಷ ಎಲ್ಲಾದರೂ ಒಂದು ಕಡೆ ಕಾಂಕ್ರೀಟು ಉಬ್ಬಿ ಉದುರುತ್ತಿತ್ತು. ಒಳಗೆ ನೋಡಿದರೆ ಕಂಬಿ ತುಕ್ಕು. ತೇಪೆ ಸಾರುವೆ ಕಟ್ಟಿ ಹತ್ತುತ್ತಿದ್ದ, ತುಕ್ಕು ಕೆರೆಯುತ್ತಿದ್ದ, ಸಿಮೆಂಟಿಗೆ ಬೂದಿ, ಹಳೆಯ ಗೋಡೆಯ ಧೂಳು, ಒಂದಿಷ್ಟು ಚಹಾದ ಡಿಕಾಕ್ಷನ್ನು ಬೆರೆಸಿ ಬಣ್ಣ ಹೊಂದಿಸುತ್ತಿದ್ದ. ಆಮೇಲೆ ಉಗ್ರಾಣದ ಮೂಲೆಯಲ್ಲಿ ಸಿಕ್ಕಿದ್ದ, ಆ ಕಾಲದ್ದೇ ಆದ ಒಂದು ಹಲಗೆಯನ್ನು ಹಸಿ ಗಾರೆಗೆ ಒತ್ತಿ ಹಿಡಿಯುತ್ತಿದ್ದ. ಹಲಗೆ ತೆಗೆದರೆ ಗೆರೆಗೆ ಗೆರೆ, ಗಂಟಿಗೆ ಗಂಟು.

ಆಗಿನ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು. "ತೇಪೆ ಕಾಣಬಾರದು. ಕಂಡರೆ ಮೇಲಿನವರು ಕೇಳ್ತಾರೆ, ಕೇಳಿದರೆ ಫೈಲ್ ಆಗುತ್ತೆ. ಫೈಲ್ ಆದರೆ ನಾನು ಫೇಲು."

"ಒಳಗೆ ಕಂಬಿ ಹೋಗಿದೆ ಸಾರ್."

"ಹಾಗಾದರೆ ಅರ್ಧಕ್ಕಿಂತ ಮೇಲೆ ನೀರು ತುಂಬಿಸೋದು ಬೇಡ. ಹತ್ತಡಿ ಸಾಕು."

ಅಷ್ಟೇ. ಬಾಯಿಮಾತಿನ ಆ ಹತ್ತಡಿಯೇ ಕಾನೂನಾಯಿತು. ಸೂಪರ್‌ವೈಸರ್ ನಿವೃತ್ತನಾದ, ಎರಡು ವರ್ಷದಲ್ಲಿ ತೀರಿಯೂ ಹೋದ. ತೇಪೆಗೆ ಕೆಲಸ ಕಲಿಸಿದ ಗುರು ಮಾತ್ರ ಆಗಾಗ ಗೊಣಗುತ್ತಿದ್ದ, "ತೇಪೆಯ ಅಂಚಿಗೆ ಹೆಬ್ಬೆರಳು ಒತ್ತೋ. ಮುಂದೆ ಬರೋನಿಗೆ ಗೊತ್ತಾಗಬೇಕು, ಇಲ್ಲಿ ಹಳೇದು ಮುಗೀತು ಅಂತ. ನಮ್ಮವರೆಲ್ಲ ಒತ್ತುತ್ತಾ ಬಂದಿದ್ದೀವಿ." ತೇಪೆ ನಗುತ್ತಿದ್ದ. "ನಾನು ಏಳನೇ ಕ್ಲಾಸು ಓದಿದ್ದೀನಿ ಗುರುವೇ, ಹೆಬ್ಬೆಟ್ಟು ಯಾಕೆ ಒತ್ತಲಿ?" ಒತ್ತಲಿಲ್ಲ. ಇಪ್ಪತ್ತೆರಡು ವರ್ಷ, ಒಂದು ತೇಪೆಗೂ ಒತ್ತಲಿಲ್ಲ.

ಮೂರು ವರ್ಷದ ಹಿಂದೆ ಬೆಳ್ಳಿ ಕೂದಲಿನ ತಜ್ಞೆಯೊಬ್ಬರು ಬಂದರು. ಹಳೆಯ ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಸಮಿತಿಯವರು. ಏಣಿ ಹಿಡಿಯಲು ತೇಪೆಯನ್ನೇ ಕರೆದಿದ್ದರು. ಆಕೆ ಅಂಗೈಯಿಂದ ಕಾಂಕ್ರೀಟನ್ನು ಸವರಿದರು, ಮಗುವಿನ ಬೆನ್ನು ಸವರಿದಂತೆ. "ಎಂಬತ್ತು ವರ್ಷ. ಒಂದೇ ಒಂದು ರಿಪೇರಿ ಇಲ್ಲ. ಮರದ ಉಸಿರು ಕೂಡ ಹಾಗೇ ಇದೆ ನೋಡಿ," ಎಂದು ಜೊತೆಯವರಿಗೆ ಹೇಳಿದರು. ಕೆಳಗೆ ಏಣಿ ಹಿಡಿದಿದ್ದವನ ಎದೆ ಎರಡು ಅಂಗುಲ ಉಬ್ಬಿತು. ಆಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಹೊಗಳಿಕೆ ಬೆಲ್ಲದ ಹಾಗೆ, ಬಾಯಲ್ಲಿಟ್ಟುಕೊಂಡವನು ಮಾತಾಡುವುದಿಲ್ಲ.

ಟ್ಯಾಂಕು ಸಂರಕ್ಷಿತ ಕಟ್ಟಡವಾಯಿತು. ಬೇಲಿ ಬಂತು, ಬೋರ್ಡು ಬಂತು. ಕೆತ್ತುವುದು, ಕೊರೆಯುವುದು, ಬಳಿಯುವುದು ಅಪರಾಧ. ಅಂದಿನಿಂದ ಟ್ಯಾಂಕು ಮುಟ್ಟಿದರೆ ಮುನಿ. ತೇಪೆಯ ಕೆಲಸವೂ ನಿಂತಿತು. ತಜ್ಞೆಯ ವರದಿಯ ರಕ್ಷಾಪುಟದ ಮೇಲೆ ದೊಡ್ಡದೊಂದು ಫೋಟೋ ಇತ್ತು, ಹೊರಮೆಟ್ಟಿಲಿನ ಮೊದಲ ಕಟ್ಟೆಯ ಬಳಿಯ ಕಾಂಕ್ರೀಟಿನದು. ಅದು ತನ್ನ ಕೈಯ ಅತಿ ಚಂದದ ತೇಪೆ ಎಂದು ಅವನಿಗೆ ಖಾತ್ರಿ. ಆ ಪುಟವನ್ನು ಹೇಗೋ ಸಂಪಾದಿಸಿ ಮನೆಯ ಗೋಡೆಗೆ ಅಂಟಿಸಿಕೊಂಡಿದ್ದ.

ಈಗ ಸಮಿತಿಯವರು ಟ್ಯಾಂಕಿಗೆ ಮೊದಲಿನ ವೈಭವ ತರಲು ಹೊರಟಿದ್ದರು. ಶನಿವಾರ ಬೆಳಗ್ಗೆ ಹತ್ತಕ್ಕೆ, ಗಣ್ಯರ ಎದುರು, ಕಂಠಪೂರ್ತಿ ಇಪ್ಪತ್ತಡಿ ನೀರು. ಪಂಪಿನ ಸ್ವಿಚ್ಚು ಒತ್ತುವವಳು ತೇಪೆಯ ತಂಗಿ. ಊರವರು ಪಂಪಮ್ಮ ಎನ್ನುವ ಅವಳು ಕೂರುವ ಪಂಪುಮನೆ ಇದ್ದದ್ದು ಎಂಟು ಕಂಬಗಳ ನಟ್ಟನಡುವೆ, ಬೋಗುಣಿಯ ನೇರ ಕೆಳಗೆ.

ಸುದ್ದಿ ಕೇಳಿದ ದಿನವೇ ಅವನು ಎಂಜಿನಿಯರ ಮೇಜಿನ ಮುಂದೆ ನಿಂತ.

"ಸಾರ್, ಅದು ತಡೆಯಲ್ಲ. ಹೊರಗೆ ಕಾಣೋದು ನನ್ನ ಗಾರೆ. ಒಳಗೆ ಕಂಬಿ ನೆಂದ ಬಿಸ್ಕತ್ತಿನ ಥರ ಆಗಿದೆ."

ಎಂಜಿನಿಯರ್ ವರದಿಯನ್ನು ತೆಗೆದು ಅವನ ಮುಂದೆ ಹಾಕಿದ. "ಇಲ್ಲಿ ಒಂದು ರಿಪೇರಿಯೂ ಇಲ್ಲ ಅಂತ ಬರೆದಿದೆ. ಅದೇ ಪಾಯಿಂಟು." ಯಾವ ಮಾತಾಡಿದರೂ ಕೊನೆಗೆ ಅದೇ ಪಾಯಿಂಟಿಗೆ ಬಂದು ನಿಲ್ಲುವುದು ಅವನ ಅಭ್ಯಾಸ.

"ಈ ಫೋಟೋದಲ್ಲಿ ಇರೋದೇ ನನ್ನ ತೇಪೆ ಸಾರ್." ಆ ಹೊತ್ತಿನಲ್ಲೂ ದನಿಗೆ ಒಂದು ಚಿಟಿಕೆ ಜಂಬ ಸೇರಿಕೊಂಡಿತು.

"ಹೌದಾ? ತೋರಿಸು. ತೇಪೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ?"

ತೇಪೆ ಬೆರಳಿಟ್ಟ. ಸ್ವಲ್ಪ ಎಡಕ್ಕೆ ಸರಿಸಿದ. ಮೇಲಕ್ಕೆ. ಮತ್ತೆ ಬಲಕ್ಕೆ. ಬೆರಳು ಕಾಗದದ ಮೇಲೆ ದಾರಿ ತಪ್ಪಿದ ಇರುವೆಯಂತೆ ಸುತ್ತಿತು.

"ಕಾಣಲ್ಲ ಸಾರ್. ಕಾಣಬಾರದು ಅಂತಲೇ ಮಾಡಿದ್ದು."

"ಕಾಣದೇ ಇರೋದನ್ನ ನಂಬಿ ಕಾರ್ಯಕ್ರಮ ನಿಲ್ಲಿಸಲಾ? ಯಾವುದಾದರೂ ಕಾಗದ ಇದೆಯಾ? ಬಿಲ್ಲು, ಚೀಟಿ, ಸೂಪರ್‌ವೈಸರ್ ಸಹಿ?"

"ಒಂದು ಕಡೆ ಕೆತ್ತಿ ತೋರಿಸ್ತೀನಿ. ಒಂದೇ ಕಡೆ."

"ಕೆತ್ತಿದರೆ ನೀನು ಒಳಗೆ. ಅದೇ ಪಾಯಿಂಟು. ಹೋಗು, ಕೆಲಸ ನೋಡು."

ಮರುದಿನ ಅವನು ಬಸ್ಸು ಹತ್ತಿ ತಜ್ಞೆಯ ಕಚೇರಿಗೆ ಹೋದ. ಆಕೆ ಕೂರಿಸಿದರು, ಕೇಳಿದರು, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ನೀವು ಆ ಟ್ಯಾಂಕನ್ನು ತುಂಬ ಪ್ರೀತಿಸ್ತೀರಿ," ಎಂದರು. "ಅದು ನಿಮ್ಮದೇ ಅನ್ನಿಸೋದು ಸಹಜ. ಆದರೆ ಕಾಂಕ್ರೀಟು ನನಗೆ ಮೂವತ್ತು ವರ್ಷದ ಪರಿಚಯ. ಕೈಯಿಟ್ಟರೆ ನಕಲಿ ಯಾವುದು ಅಂತ ಗೊತ್ತಾಗುತ್ತೆ." ಬಾಗಿಲ ತನಕ ಬಂದು ಬೀಳ್ಕೊಟ್ಟರು. ಪಾಪ, ಹುಚ್ಚ ಎಂದುಕೊಂಡದ್ದು ಆಕೆಯ ನಯವಾದ ಮುಖದಲ್ಲಿ ಸ್ಪಷ್ಟವಾಗಿತ್ತು.

ಉಳಿದವಳು ತಂಗಿ. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನು ಅವನು. ಅಮ್ಮ ಹೋದ ಮೇಲೆ ಶಾಲೆಗೆ ಕಳಿಸುವಾಗ ಅವಳಿಗೆ ಜಡೆ ಹಾಕಿದವನೂ ಅವನೇ; ಗಾರೆ ಕೈಯ ಜಡೆ, ಸಂಜೆಯಾದರೂ ಒಂದು ಕೂದಲು ಅಲುಗುತ್ತಿರಲಿಲ್ಲ. ಪಂಪುಮನೆಯ ಕೆಲಸ ಕೊಡಿಸಿದವನೂ ಅವನೇ, ಸೂಪರ್‌ವೈಸರ ಕಾಲು ಹಿಡಿದು.

ಶುಕ್ರವಾರ ಸಂಜೆ ಅವಳು ಅಡುಗೆಮನೆಯಲ್ಲಿ ನಾಳೆಗೆಂದು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಎಲ್ಲ ಹೇಳಿದ.

"ಆಯ್ತಾ? ಈಗ ಇದನ್ನೇ ಮೇಸ್ತ್ರಿ ದನಿಯಲ್ಲಿ ಹೇಳು, ಇನ್ನೂ ಚೆನ್ನಾಗಿರುತ್ತೆ."

"ತಮಾಷೆ ಅಲ್ಲ ಕಣಮ್ಮ."

"ಅಣ್ಣ, ಹೋದ ವರ್ಷ ಎಂಜಿನಿಯರ್ ದನಿಯಲ್ಲಿ ಫೋನ್ ಮಾಡಿ, ರಜಾ ದಿನ ನನ್ನನ್ನ ಪಂಪುಮನೆಗೆ ಓಡಿಸಿದೆ. ಅರ್ಧ ದಾರಿ ಚಪ್ಪಲಿ ಇಲ್ಲದೆ ಓಡಿದೆ ನಾನು. ಆವತ್ತೂ ಮೊದಲು ಇದೇ ಮುಖ ಮಾಡ್ಕೊಂಡು ಕೂತಿದ್ದೆ."

"ಅದು ಬೇರೆ."

"ಹನ್ನೊಂದು ವರ್ಷ ಆಯ್ತು ಅಲ್ಲಿ ಕೂತು. ಊರಿಗೆಲ್ಲ ನೀರು ಬರುತ್ತೆ, ಯಾರು ಬಿಡ್ತಾರೆ ಅಂತ ಒಬ್ಬರಿಗೂ ಗೊತ್ತಿಲ್ಲ. ನಾಳೆ ಒಂದು ದಿನ ನನ್ನನ್ನ ನೋಡ್ತಾರೆ. ಅದಕ್ಕೂ ಕಲ್ಲು ಹಾಕಬೇಡ."

"ಕಲ್ಲು ನಿನ್ನ ತಲೆ ಮೇಲೇ ಬೀಳುತ್ತೆ ಅಂತ ತಾನೇ ನಾನು ಬಡ್ಕೋತಿರೋದು."

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.

"ನಿಜ ಅಂತ ಇಟ್ಟುಕೋ. ಒಳಗೆ ಟೊಳ್ಳು ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಹನ್ನೊಂದು ವರ್ಷ ಅದರ ಕೆಳಗೆ ಕೂರಿಸಿದೆಯಾ?"

"ಹತ್ತಡಿಗೆ ಏನೂ ಆಗಲ್ಲ."

"ಯಾರು ಹೇಳಿದ್ದು?"

"ಸೂಪರ್‌ವೈಸರು."

"ಅವರಿಗೆ ಯಾರು ಹೇಳಿದ್ದು?"

ಅವಳು ಮತ್ತೆ ಸೀರೆಯ ಮಡಿಕೆಗೆ ಬಗ್ಗಿದಳು. "ಸುಳ್ಳು ಅಂತಲೇ ಅಂದ್ಕೋತೀನಿ ಬಿಡು," ಎಂದಳು. "ನಿಜ ಆದರೆ ನಿನ್ನ ಮುಖ ನೋಡೋದು ಕಷ್ಟ."

ಶನಿವಾರ ಬೆಳಗ್ಗೆ ಬೇಲಿಯ ಒಳಗೆ ಕುರ್ಚಿಗಳು ಸಾಲಾಗಿ ಕೂತಿದ್ದವು, ಮನುಷ್ಯರಿಗಿಂತ ಮೊದಲೇ ಬಂದ ಗಣ್ಯರಂತೆ. ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಒಂಬತ್ತೂವರೆಗೆ ತೇಪೆ ಎದುರುಗಡೆ ಅಂಗಡಿಯ ಫೋನಿನಿಂದ ಪಂಪುಮನೆಗೆ ಕರೆ ಮಾಡಿದ. ಗಂಟಲನ್ನು ಎಂಜಿನಿಯರಿಗೆ ಬಿಟ್ಟುಕೊಟ್ಟ.

"ಕಾರ್ಯಕ್ರಮ ಮುಂದಕ್ಕೆ ಹೋಗಿದೆ. ಪಂಪು ಹಾಕಬೇಡ. ಬೀಗ ಹಾಕಿ ಹೊರಗೆ ಬಾ. ಅದೇ ಪಾಯಿಂಟು."

ಆ ಕಡೆಯಿಂದ ತಂಗಿಯ ದನಿ, ತಣ್ಣಗೆ. "ಸಾರ್ ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾರೆ. ಕೊಡಲಾ?"

ಕೊಟ್ಟೇಬಿಟ್ಟಳು. ಎಂಜಿನಿಯರ್ ಹೇಳಿದ, "ಚೆನ್ನಾಗಿ ಮಾಡ್ತೀಯ. ನನಗಿಂತ ನೀನೇ ಚೆನ್ನಾಗಿ ಮಾಡ್ತೀಯ." ಹಿಂದೆ ಯಾರೋ ನಕ್ಕದ್ದು ಕೇಳಿಸಿತು.

ಫೋನಿಟ್ಟ. ಇನ್ನು ಮಾತಿನಿಂದ ಆಗುವ ಕೆಲಸವಲ್ಲ. ಚೀಲದಿಂದ ಸುತ್ತಿಗೆ, ಚಾಣ ತೆಗೆದ. ಕುರ್ಚಿ ಹೊತ್ತು ತರುತ್ತಿದ್ದವರ ಸಾಲಿನಲ್ಲಿ ತಾನೂ ಒಂದು ಕುರ್ಚಿ ಹೊತ್ತು ಬೇಲಿ ದಾಟಿದ. ಕುರ್ಚಿ ಹೊತ್ತವನನ್ನು ಯಾವ ಕಾವಲುಗಾರನೂ ತಡೆಯುವುದಿಲ್ಲ. ಹೊರಮೆಟ್ಟಿಲು ಹತ್ತಿ ಮೊದಲ ಕಟ್ಟೆಯ ಮೇಲೆ ನಿಂತ. ಎದೆಯ ಮಟ್ಟದಲ್ಲಿ ಅದೇ ಗಂಟು, ಅದೇ ಗೆರೆ, ಮೂರು ವರ್ಷ ಗೋಡೆಯ ಮೇಲೆ ಅಂಟಿಸಿಕೊಂಡು ನೋಡಿದ ಚಿತ್ರ. ಟ್ಯಾಂಕಿನ ಸುತ್ತ ಅವನಿಗೆ ಸಂಶಯವೇ ಇಲ್ಲದ ಒಂದೇ ಒಂದು ಜಾಗ. ಒಂದು ಏಟು ಸಾಕು, ಮೇಲಿನ ಎರಡು ಅಂಗುಲ ಕಳಚಿ ಬೀಳುತ್ತದೆ, ಕೆಂಪು ತುಕ್ಕು ಎಲ್ಲರಿಗೂ ಕಾಣುತ್ತದೆ.

ಹೊಡೆದ. ಚಾಣ ಪುಟಿಯಿತು. ಮತ್ತೆ ಹೊಡೆದ. ಕೆಳಗೆ ಕೂಗು ಎದ್ದಿತು. ಐದನೆಯ ಏಟಿಗೆ ಅಂಗೈಯಗಲ ಚಕ್ಕೆ ಎದ್ದು ಬಂತು.

ಒಳಗೆ ತುಕ್ಕಿರಲಿಲ್ಲ. ಗಟ್ಟಿ ನೀಲಿಬೂದು ಕಾಂಕ್ರೀಟು, ಅದರಲ್ಲಿ ನುಣ್ಣಗಿನ ದುಂಡು ಕಲ್ಲುಗಳು, ಹೊಳೆಯ ತಳದಿಂದ ತಂದವು. ತೇಪೆ ಯಾವತ್ತೂ ಬಳಸುತ್ತಿದ್ದದ್ದು ಒಡೆದ ಜಲ್ಲಿ. ದುಂಡು ಕಲ್ಲು ಎಂಬತ್ತು ವರ್ಷದ ಹಿಂದಿನವರದ್ದು.

ಇದು ಅವನದ್ದಾಗಿರಲಿಲ್ಲ. ಮೂರು ವರ್ಷ ತನ್ನದೆಂದು ಬೀಗಿದ್ದು, ಬಾಯಲ್ಲಿಟ್ಟು ಚಪ್ಪರಿಸಿದ್ದು, ಯಾರದೋ ಸತ್ತವರ ಕೆಲಸ. ಬೇರೆಯವರಿಗೆ ಮೋಸ ಮಾಡಲು ಕಲಿತ ಕೈ ಕೊನೆಗೆ ಧಣಿಗೇ ಟೋಪಿ ಹಾಕಿತ್ತು.

ಇಬ್ಬರು ಪೇದೆಗಳು ಅವನನ್ನು ಕೆಳಗಿಳಿಸಿದರು. ತಜ್ಞೆ ಮೇಲೆ ಹತ್ತಿ ಆ ಗುಳಿಯ ಅಂಚು ಮುಟ್ಟಿ ನೋಡಿದರು. ಇಳಿದು ಬಂದಾಗ ಆಕೆಯ ಕಣ್ಣು ಒದ್ದೆಯಾಗಿತ್ತು. "ನೋಡಿದಿರಲ್ಲ," ಎಂದರು. "ಎಷ್ಟು ಗಟ್ಟಿ ಇತ್ತು. ಯಾಕೆ ಹೀಗೆ ಮಾಡಿದಿರಿ?"

"ಅಲ್ಲಿ ಅಲ್ಲ ಮೇಡಂ, ಬೇರೆ ಕಡೆ. ಪೂರ್ವದ ಕಡೆ ಕೆತ್ತಿ..."

"ಪೂರ್ವದಲ್ಲಿ ಎಲ್ಲಿ?"

ಅವನು ತಲೆಯೆತ್ತಿ ನೋಡಿದ. ಗೆರೆ, ಗಂಟು, ಗೆರೆ, ಗಂಟು. ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ.

ಹತ್ತೂ ಕಾಲಿಗೆ ಪಂಪು ಶುರುವಾಯಿತು. ಚಪ್ಪಾಳೆ ಬಿತ್ತು. ತಂಗಿ ಬಾಗಿಲಿಗೆ ಬಂದು ಕೈ ಮುಗಿದು, ಅಣ್ಣ ಇದ್ದ ಕಡೆ ನೋಡದೆ, ಒಳಗೆ ಹೋದಳು. ಪಂಪು ಓಡುವಾಗ ಆಪರೇಟರ್ ಒಳಗೇ ಇರಬೇಕು. ಅದು ಅವಳ ಕೆಲಸದ ಮೊದಲ ಪಾಠ.

ಪೇದೆ ಅವನ ರಟ್ಟೆ ಹಿಡಿದು ಗೇಟಿನ ಹತ್ತಿರ ನಿಲ್ಲಿಸಿಕೊಂಡಿದ್ದ. ಟ್ಯಾಂಕಿನ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಅಡಿಪಟ್ಟಿ, ಅದರ ಮೇಲೆ ಕೆಂಪು ಮುಳ್ಳು. ಭಾಷಣಗಳು ನಡೆದವು. ಎಂಟಡಿ. ಮಾತಾಡುವವರು ಬದಲಾದರು, ಮುಳ್ಳು ಮಾತ್ರ ಒಂದೇ ಸಮನೆ ಹತ್ತುತ್ತಿತ್ತು. ಹತ್ತು. ಹನ್ನೊಂದು. ಏನೂ ಆಗಲಿಲ್ಲ. ಹನ್ನೆರಡು. ಏನೂ ಆಗಲಿಲ್ಲ. ಆಗ ಅವನು ಬೇಡಿಕೊಳ್ಳತೊಡಗಿದ, ತನ್ನ ಇಪ್ಪತ್ತೆರಡು ವರ್ಷದ ತಿಳಿವಳಿಕೆಯೆಲ್ಲ ಸುಳ್ಳಾಗಲಿ, ತಾನು ನಿಜವಾಗಿಯೂ ಹುಚ್ಚನಾಗಿರಲಿ, ಊರೆಲ್ಲ ನಗಲಿ, ಜೈಲಾಗಲಿ.

ಹದಿಮೂರನೇ ಅಡಿಗೆ ಪೂರ್ವದ ಕಡೆ ಒಂದು ಗೆರೆ ಬೆವರಿತು.

ಕೂದಲೆಳೆಯಷ್ಟು ಸಣ್ಣ ಗೆರೆ. ಅದು ನೇರ ಇಳಿಯಿತು, ತಿರುಗಿತು, ಅಡ್ಡ ಹೋಯಿತು, ಮತ್ತೆ ಹತ್ತಿತು. ಬಾಗಿಲಿನಷ್ಟು ಅಗಲದ ಒದ್ದೆ ಚೌಕ. ಹಳೆಯದಕ್ಕೂ ಹೊಸದಕ್ಕೂ ನಡುವಿನ ಸಂದಿನಿಂದ ನೀರು ಹೊರಗೆ ಬರುತ್ತಿತ್ತು. ಅದರ ಪಕ್ಕ ಇನ್ನೊಂದು. ಅದರ ಮೇಲೆ ಮತ್ತೊಂದು. ಯಾರೋ ಒಳಗಿನಿಂದ ಕರಿಪೆನ್ಸಿಲು ಹಿಡಿದು ಒಂದೊಂದಾಗಿ ಗುರುತು ಹಾಕುತ್ತಿರುವಂತೆ, ಇಡೀ ಬೋಗುಣಿಯ ಮೈಮೇಲೆ ಅವನ ತೇಪೆಗಳು ಎದ್ದು ಬಂದವು. ಅವನು ಎಣಿಸಿದ. ಮೂವತ್ತರ ಆಚೆಗೆ ಎಣಿಕೆ ನಿಲ್ಲಿಸಿದ.

"ಏನಯ್ಯಾ ಅದು?" ಎಂದ ಪೇದೆ.

"ನಂದು," ಎಂದ ತೇಪೆ. "ಅವೆಲ್ಲ ನಂದು."

ಸಾಲಿನಲ್ಲಿ ಮೊದಲು ಎದ್ದು ನಿಂತವರು ತಜ್ಞೆ. ಆಕೆ ಮೇಲೆ ನೋಡಿದರು, ಆಮೇಲೆ ತಮ್ಮ ಅಂಗೈಯನ್ನು ನೋಡಿಕೊಂಡರು, ಆಮೇಲೆ ಗೇಟಿನ ಕಡೆ ತಿರುಗಿ ಅವನನ್ನು. "ನಿಲ್ಲಿಸಿ," ಎಂದರು ಎಂಜಿನಿಯರಿಗೆ. "ಈಗಲೇ ನಿಲ್ಲಿಸಿ." ಎಂಜಿನಿಯರ ಬಾಯಲ್ಲಿ ಯಾವ ಪಾಯಿಂಟೂ ಉಳಿದಿರಲಿಲ್ಲ. ಅವನು ಓಡಿ ಪಂಪುಮನೆಯ ಬಾಗಿಲು ಬಡಿದ. ಪಂಪಿನ ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಮೇಲಿಂದ ಒಂದು ಚೌಕದ ಮೂಲೆ ಕಳಚಿ, ಹಿಂದಿನ ಸಾಲಿನ ಖಾಲಿ ಕುರ್ಚಿಯೊಂದನ್ನು ಮಡಚಿ ಹಾಕಿತು. ಜನ ಎದ್ದು ಓಡಿದರು. ಎಂಜಿನಿಯರೂ ಓಡಿದ. ಪಂಪುಮನೆಯಿಂದ ಮಾತ್ರ ಯಾರೂ ಹೊರಗೆ ಬರಲಿಲ್ಲ.

ರಟ್ಟೆ ಹಿಡಿದ ಕೈ ಯಾವಾಗ ಸಡಿಲವಾಯಿತೋ, ತೇಪೆ ಎಲ್ಲರಿಗೂ ಎದುರಾಗಿ ಓಡುತ್ತಿದ್ದ.

ಒಳಗೆ ತಂಗಿ ಗೋಡೆಯ ಬಳಿಯ ದೊಡ್ಡ ಕಬ್ಬಿಣದ ಚಕ್ರಕ್ಕೆ ಜೋತುಬಿದ್ದಿದ್ದಳು. ಟ್ಯಾಂಕು ತೊಳೆಯುವಾಗ ನೀರೆಲ್ಲ ಮೋರಿಗೆ ಬಿಡುವ ವಾಲ್ವಿನ ಚಕ್ರ. ಇಸ್ತ್ರಿ ಮಾಡಿದ ಸೀರೆಯ ಸೆರಗು ಸೊಂಟಕ್ಕೆ ಸುತ್ತಿತ್ತು. ಪೈಪಿನಲ್ಲಿ ನೀರು ಗುಡುಗುತ್ತಿತ್ತು.

"ಹೊರಗೆ ಬಾ ಅಂದರೆ ಬಾ," ಎಂದ.

"ಬಿಟ್ಟರೆ ಜಾರಿ ಮುಚ್ಚಿಕೊಳ್ಳುತ್ತೆ. ತಿರುಪಿನ ಮರೆ ಸವೆದಿದೆ. ಬದಲಾಯಿಸಿ ಅಂತ ಎರಡು ಸಲ ಬರೆದೆ. ಇದೂ ಸಂರಕ್ಷಿತ ಅಂದರು."

"ಮುಚ್ಚಲಿ. ಬೀಳಲಿ. ನೀನು ಬಾ."

"ಪೂರ್ವದ ಕಡೆ ಕ್ವಾರ್ಟರ್ಸಿನಲ್ಲಿ ನಲವತ್ತು ಮನೆ ಇದೆ. ಇವತ್ತು ರಜಾ, ಎಲ್ಲರೂ ಒಳಗಿದ್ದಾರೆ. ಬಿದ್ದರೆ ಯಾವ ಕಡೆ ಬೀಳುತ್ತೆ ಹೇಳು?"

ಅವನಿಗೆ ಗೊತ್ತಿತ್ತು. ಅತಿ ಹೆಚ್ಚು ತೇಪೆ ಇದ್ದದ್ದು ಆ ಕಡೆಯೇ. ಅವನು ಅವಳ ಎದುರಿಗೆ ನಿಂತು ಚಕ್ರದ ಇನ್ನೊಂದು ಅಂಚನ್ನು ಹಿಡಿದ. ತನ್ನ ತೂಕವನ್ನೆಲ್ಲ ಅದಕ್ಕೆ ಕೊಟ್ಟ. ಚಕ್ರ ಜೀವವಿದ್ದಂತೆ ಹಿಂದಕ್ಕೆ ಎಳೆಯುತ್ತಿತ್ತು.

"ನೀನು ಬಿಡು. ನಾನೊಬ್ಬನೇ ಹಿಡೀತೀನಿ."

"ಆಗಲ್ಲ. ನೋಡಿದೆಯಲ್ಲ ಎಳೆಯೋದು."

ಆಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮೇಲೆ ಎಲ್ಲೋ ಟಪ್ ಎಂದು ಏನೋ ಬಿರಿದ ಸದ್ದು. ಛಾವಣಿಯಿಂದ ಧೂಳು ಉದುರಿ ಅವಳ ಕೂದಲ ಮೇಲೆ ಕೂತಿತು. ಇಬ್ಬರೂ ಮೇಲೆ ನೋಡಲಿಲ್ಲ.

"ಎಷ್ಟು ಹೊತ್ತು?" ಎಂದು ಕೇಳಿದ.

"ಒಂದೂವರೆ ಗಂಟೆ. ಹತ್ತಡಿಗೆ ಇಳಿಯೋಕೆ ಇಪ್ಪತ್ತು ನಿಮಿಷ." ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು, "ಹತ್ತಕ್ಕೆ ಇಳಿದರೆ ಬಿಡಬಹುದಾ? ನಿಜ ಹೇಳು."

"ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ ನನಗೆ. ಏನೋ ಒಂದು ಸಂಖ್ಯೆ ಬೇಕಿತ್ತು. ಅವರು ಅಂದರು, ನಾನು ತಲೆಯಾಡಿಸಿದೆ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳ ಉಸಿರಷ್ಟೇ ಕೇಳಿಸುತ್ತಿತ್ತು, ಪೈಪಿನ ಗುಡುಗಿನ ನಡುವೆ. ಹತ್ತಕ್ಕೆ ಇಳಿದಿರಬೇಕು ಎಂದುಕೊಂಡಾಗ ಇಬ್ಬರೂ ಬಿಡಲಿಲ್ಲ. ಐದಕ್ಕೆ ಇಳಿದಿರಬೇಕು ಎಂದುಕೊಂಡಾಗಲೂ ಬಿಡಲಿಲ್ಲ. ಅವನ ಅಂಗೈ ಕಿತ್ತು ರಕ್ತ ಬಂದು, ಚಕ್ರ ಜಾರತೊಡಗಿತು. ಅವಳು ಸೆರಗು ಬಿಚ್ಚಿ ಕೊಟ್ಟಳು, ಒಂದೇ ಕೈಯಿಂದ. ಅವನು ಅದನ್ನು ಚಕ್ರಕ್ಕೆ ಸುತ್ತಿ ಹಿಡಿದ.

ಕೊನೆಗೆ ಪೈಪು ಒಮ್ಮೆ ಬಿಕ್ಕಿತು. ಗಾಳಿ ನುಂಗಿತು. ಗುಡುಗು ತೊರೆಯಾಯಿತು, ತೊರೆ ತೊಟ್ಟಾಯಿತು.

"ಬಿಡಮ್ಮ. ಮುಗೀತು."

"ಬರ್ತಿಲ್ಲ," ಎಂದಳು ಅವಳು. ಬೆರಳುಗಳು ಚಕ್ರಕ್ಕೆ ಬೆಸೆದುಕೊಂಡಿದ್ದವು. ಬೆರಳ ತುದಿಗಳು ಬಿಳಿಚಿದ್ದವು, ಅವಳ ಮಾತನ್ನು ಕೇಳುತ್ತಿರಲಿಲ್ಲ. ಅವನು ಈಚೆಗೆ ಬಂದು, ತನ್ನ ಹರಿದ ಕೈಯಿಂದ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಕಿರುಬೆರಳು. ಉಂಗುರದ ಬೆರಳು. ಹೊರಗೆ ಬಹಳ ದೂರದಿಂದ, ಬೇಲಿಯಾಚೆಯಿಂದ, ಎಂಜಿನಿಯರ್ ಮೈಕಿನಲ್ಲಿ ಕೂಗುತ್ತಿದ್ದ. ಒಳಗೆ ಯಾರಾದರೂ ಇದ್ದೀರಾ, ಇದ್ದರೆ ಉತ್ತರ ಕೊಡಿ.

"ಇದ್ದೀವಿ," ಎಂದಳು ತಂಗಿ, ಅಣ್ಣನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಅವನ ಮುಖ ನೋಡಲಿಲ್ಲ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಅವನು ಇನ್ನೊಂದು ಕೈಯ ಬೆರಳುಗಳಿಗೆ ಬಂದ.